ಮಾವನ ಸೈಡ್ ಬಾಕ್ಸು, ನನ್ನ ಸ್ಲಿಂಗ್ ಬ್ಯಾಗು

ಹೋದ ಭಾನುವಾರ ನಮ್ಮಮ್ಮ ನಮ್ಮತ್ತೆಯ ಹಣೆಗೆ ಹೇರ್ ವ್ಯಾಕ್ಸ್ ಇಡುವುದರಲ್ಲಿದ್ದರು. ಕೂದಲೆಳೆಯಲ್ಲಿ ತಪ್ಪಿತು.

ಡಬ್ಬಿಯ ಮುಚ್ಚಳ ತೆಗೆದಾಗಿತ್ತು. ಉಂಗುರದ ಬೆರಳು ಒಳಗೆ ಇಳಿದಾಗಿತ್ತು. ಅತ್ತೆ ತಲೆ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ, ಹಣೆ ಮುಂದೆ ಮಾಡಿ ಕೂತಿದ್ದರು. ಆಗ ಅಮ್ಮನ ಮೂಗಿಗೆ ಸ್ಟ್ರಾಬೆರಿ ವಾಸನೆ ಬಡಿಯಿತು. ನಮ್ಮ ವಂಶದಲ್ಲಿ ಇವತ್ತಿನವರೆಗೂ ಯಾರ ಮನೆಯ ಕುಂಕುಮವೂ ಸ್ಟ್ರಾಬೆರಿ ವಾಸನೆ ಹೊಡೆದದ್ದಿಲ್ಲ.

ತಪ್ಪು ಯಾರದು ಅಂತೀರಾ? ಈ ಅಂಕಣವನ್ನ ಹೊಸದಾಗಿ ಓದೋರು ಕೇಳಲಿ, ಪರವಾಗಿಲ್ಲ. ಯಾವಾಗಲೂ ಓದೋ ನೀವು ಕೇಳಬಾರದು.

ಮೊದಲಿಂದ ಹೇಳಿಬಿಡ್ತೀನಿ. ನನಗೆ ಬರೋ ವಿದ್ಯೆ ಒಂದೇ, ಇನ್ನೊಬ್ಬರ ದನಿ ತೆಗೆಯೋದು. ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನ ಕಂಡಕ್ಟರು, ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಗೆ ಅಭ್ಯಾಸವಾಗಿ ಪಿಸುಮಾತನ್ನೂ ಕೂಗಿ ಹೇಳೋ ಯಜಮಾನರು, ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯ ಮ್ಯಾನೇಜರ್ ಫೋನ್ ಮಾಡಿದಾಗ ನಮ್ಮಪ್ಪನ ಗಂಟಲಿಂದ ಹೊರಡೋ ಬೆಣ್ಣೆಯಂಥ ದನಿ (ಅದೇ ಗಂಟಲು ನನ್ನ ಮೇಲೆ ತಿರುಗಿದಾಗ ಬೆಣ್ಣೆ ಎಲ್ಲಿ ಹೋಗುತ್ತೋ). ಎಲ್ಲಾ ಮಾಡ್ತೀನಿ. ನನ್ನ ಸ್ವಂತ ದನಿ ಯಾವುದು ಅಂತ ಮಾತ್ರ ಕೇಳಬೇಡಿ. ಇಂಟರ್‌ವ್ಯೂಗೆ ಹೋದಾಗ ಅದು ರಜೆ ಹಾಕುತ್ತೆ.

ಇವೆಲ್ಲದರಲ್ಲಿ ನನ್ನ ಮಾಸ್ಟರ್‌ಪೀಸ್ ಅಂದ್ರೆ ನಂಜಪ್ಪ ಮಾವ. ಅಮ್ಮನಿಗಿರೋ ಒಬ್ಬನೇ ಅಣ್ಣ. ನಂದಗುಡಿ ಕಡೆ ರಾಗಿ, ಟೊಮೆಟೊ, ಎರಡು ಹಸು. ಜೊತೆಗೊಂದು ಹಳೇ ಬೈಕು. ಅದರ ಎಡಗಡೆ ತಗಡಿನ ಸೈಡ್ ಬಾಕ್ಸು. ಮಾವ ಗಾಡಿ ಹತ್ತೋ ಮುಂಚೆ ಆ ಬಾಕ್ಸಿನ ಮೇಲೆ ಕೈಯಿಟ್ಟು, ಮಂತ್ರ ಹೇಳೋ ಹಾಗೆ ಲೆಕ್ಕ ಒಪ್ಪಿಸ್ತಾರೆ.

“ಟವಲ್ಲು… (ಕೆಮ್ಮು) ಚೀಲ… (ಕೆಮ್ಮು) ಹಗ್ಗ… ಟಾರ್ಚು… ಪ್ಲಗ್ಗು… ಪಾನಾ… ಕವರು… ಹ್ಞೂಂ, ನಡೀ.”

ಅವರು ಹೊರಟಿರೋದು ಹಿಮಾಲಯಕ್ಕಲ್ಲ. ಹಾಲಿನ ಡೇರಿಗೆ. ಅದು ಅವರ ಮನೆ ಬಾಗಿಲಲ್ಲಿ ನಿಂತರೆ ಕಾಣುತ್ತೆ.

ಇಂಥ ವಸ್ತು ಕೈಗೆ ಸಿಕ್ಕರೆ ನಾನು ಬಿಡ್ತೀನಾ? ದೀಪಾವಳಿ ಟೈಮಲ್ಲಿ ಮಾವನ ದನಿಯಲ್ಲಿ ಪೂರ್ತಿ ಪಟ್ಟಿ ಹೇಳಿ, ಅಲ್ಲಲ್ಲಿ ಕೆಮ್ಮು ಸೇರಿಸಿ, ನನ್ನ ಕಡೆಯಿಂದ ಒಂದು ಕುಡುಗೋಲನ್ನೂ ತುರುಕಿ, ನೆಂಟರ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಬಿಟ್ಟೆ. ಧೈರ್ಯ ಏನಂದ್ರೆ ಮಾವನದು ಬಟನ್ ಫೋನು. ಅವರು ಕೇಳೋ ಚಾನ್ಸೇ ಇಲ್ಲ.

ಅವರೊಬ್ಬರನ್ನ ಬಿಟ್ಟು ಊರೆಲ್ಲ ಕೇಳಿತು. ಕೊನೆಗೆ ಯಾರೋ ಪುಣ್ಯಾತ್ಮ ಅದನ್ನ ಬೆಳಗ್ಗೆ ಹಾಲು ಹಾಕೋ ಸಾಲಿನಲ್ಲಿ, ಮಾವನ ಎದುರಿಗೇ, ಜೋರಾಗಿ ಹಾಕಿದನಂತೆ. ಅವತ್ತಿಂದ ಮಾವ ಕ್ಯಾನ್ ಇಳಿಸಿದ ಕೂಡಲೇ ಹಿಂದಿನಿಂದ ಯಾರಾದರೊಬ್ಬರು: “ನಂಜಪ್ಪಣ್ಣಾ, ಹಗ್ಗ ಮಡಗ್ದಾ?” ಮುಂದಿಂದ ಇನ್ನೊಬ್ಬ ಕೆಮ್ಮೋದು.

ಒಂದು ವಾರ ಆದಮೇಲೆ ಮಾವ ಡೇರಿಗೆ ಗಾಡಿ ತೆಗೆಯೋದನ್ನೇ ಬಿಟ್ಟರಂತೆ. ಕ್ಯಾನ್ ಹೊತ್ತುಕೊಂಡು ನಡೆದೇ ಹೋಗ್ತಾರಂತೆ. ಈ ಸುದ್ದಿ ಬಂದ ದಿನ ನಾನು ಯಾರ ದನಿಯನ್ನೂ ಮಾಡಲಿಲ್ಲ. (ಸಂಜೆ ತನಕ.)

ಇಷ್ಟರಲ್ಲಿ ನನ್ನ ತಂಗಿ ಪವಿತ್ರಾಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆದುಕೊಂಡು ಬರಬೇಕಾದವನು ಸೋದರಮಾವ. ಅಮ್ಮ ಫೋನ್ ಮಾಡಿದರು. ಮಾವ ಹೇಳಿದ್ದು ಇಷ್ಟೇ: “ಕಾರ್ಡ್ ಕೊಡಾಕೆ ಆ ಆರ್ಟಿಸ್ಟ್‌ನೇ ಕರ್ಕಂಡ್ ಬಾ. ಆಮೇಲ್ ನೋಡಾನ.”

ಅಮ್ಮ ಫೋನ್ ಇಟ್ಟು ನನ್ನ ಕಡೆ ತಿರುಗಿದರು. “ನಮ್ಮಣ್ಣ ಬರಲಿಲ್ಲ ಅಂದ್ರೆ ನನ್ನ ಮಗಳ ಕೈ ಹಿಡ್ಕೊಂಡು ಬರೋರು ಯಾರೋ? ನೀನೇ ಮಾವನ ದನಿ ಮಾಡ್ಕೊಂಡು ಕರ್ಕೊಂಡು ಬರ್ತೀಯಾ?”



ಹಾಗಾಗಿ ಸಂಕ್ರಾಂತಿ ಕಳೆದು ಬಂದ ಭಾನುವಾರ ಬೆಳಗ್ಗೆ ನಾನೂ ಅಮ್ಮನೂ ಬೈಕಲ್ಲಿ ಹೊರಡೋದು ಅಂತಾಯ್ತು. ಅಮ್ಮ ತಮ್ಮ ಹಸಿರು ವೈರ್ ಬ್ಯಾಗ್ ತಂದರು. ಒಳಗೆ ಕಾರ್ಡುಗಳು, ತೆಂಗಿನಕಾಯಿ, ವೀಳ್ಯದೆಲೆ, ಕರ್ಚೀಫಿನಲ್ಲಿ ಕಟ್ಟಿದ ಒಂದು ಪುಟ್ಟ ಸ್ಟೀಲ್ ಡಬ್ಬಿ.

“ಇದನ್ನ ಎಲ್ಲಿ ನೇತಾಕೋದು?”

ಎಲ್ಲೂ ಇಲ್ಲ! ನನ್ನ ಗಾಡಿಯಲ್ಲಿ ಕೊಕ್ಕೆ ಇಲ್ಲ, ಕ್ಯಾರಿಯರ್ ಇಲ್ಲ, ಸೀರೆ ಗಾರ್ಡ್ ಇಲ್ಲ. ಶೋರೂಮಿನವರು ಕೊಟ್ಟಿದ್ದನ್ನೆಲ್ಲ ಲುಕ್ ಕೆಡುತ್ತೆ ಅಂತ ಬಿಚ್ಚಿಸಿದವನು ನಾನೇ. ಹಿಂದಿನ ಸೀಟಂತೂ ಜಾರುಬಂಡೆ. ಅದರ ಮೇಲೆ ಅಮ್ಮ ಕೂತರೆ ಕೂತ ಹಾಗಲ್ಲ, ಹತ್ತಿದ ಹಾಗೆ.

“ವೈರ್ ಬ್ಯಾಗೆಲ್ಲ ಬೇಡಮ್ಮಾ. ನಾನು ಟ್ರಾವೆಲ್ ಲೈಟ್. ಎಲ್ಲಾ ನನ್ನ ಬ್ಯಾಗಲ್ಲೇ ಹಾಕ್ಕೊಳ್ತೀನಿ ಕೊಡು” ಅಂದೆ.

ನನ್ನದು ಎದೆಗೆ ಅಡ್ಡಲಾಗಿ ಬರೋ ಕಪ್ಪು ಸ್ಲಿಂಗ್ ಬ್ಯಾಗು. ರೈಡಿಗೆ ಹೋಗುವಾಗ ಏನೇನು ಇರಬೇಕು ಅನ್ನೋ ವಿಡಿಯೋಗಳನ್ನ ಒಂದೂ ಬಿಡದೆ ನೋಡಿ ತುಂಬಿಸಿದ್ದು. ಪವರ್ ಬ್ಯಾಂಕ್, ಕೂಲಿಂಗ್ ಗ್ಲಾಸ್, ವೆಟ್ ಟಿಶ್ಯೂ, ಸನ್‌ಸ್ಕ್ರೀನ್, ಲಿಪ್ ಬಾಮ್, ಪರ್ಫ್ಯೂಮ್, ಹೆಲ್ಮೆಟ್ ತೆಗೆದ ಮೇಲೆ ಕೂದಲು ನಿಲ್ಲಿಸೋಕೆ ಹೇರ್ ವ್ಯಾಕ್ಸ್, ನಿಂತ ಕೂದಲಿನ ಫೋಟೋ ತೆಗೆಯೋಕೆ ಪುಟ್ಟ ಸ್ಟ್ಯಾಂಡು. ಒಂದು ಪಂಕ್ಚರ್ ಆದರೆ ಈ ಬ್ಯಾಗಲ್ಲಿ ಏನೂ ಇಲ್ಲ. ಆದರೆ ಪಂಕ್ಚರ್ ಅಂಗಡಿಯವನ ಮುಂದೆ ನಾನು ಫ್ರೆಶ್ ಆಗಿ ಕಾಣ್ತೀನಿ.

ಕಾರ್ಡು ಹಿಡಿಸಿತು. ಕಾಯಿ ಕಷ್ಟಪಟ್ಟು ಹಿಡಿಸಿತು. ಉಳಿದಿದ್ದು ಒಂದೇ ಡಬ್ಬಿಯ ಜಾಗ. ಕರ್ಚೀಫಿನಲ್ಲಿರೋದು ಅಮ್ಮನ ಅಡಿಕೆ ಡಬ್ಬಿ ಅಂದುಕೊಂಡೆ. ಒಂದು ದಿನ ಎಲೆಅಡಿಕೆ ಹಾಕ್ಕೊಳ್ಳದಿದ್ದರೆ ಏನಾಗುತ್ತೆ? ಅದನ್ನ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಆ ಜಾಗದಲ್ಲಿ ವ್ಯಾಕ್ಸ್ ಡಬ್ಬಿ ಕೂರಿಸಿ ಜಿಪ್ ಎಳೆದೆ. ಬಿಚ್ಚಿ ನೋಡಬಹುದಿತ್ತಲ್ಲ ಅಂತ ನೀವು ಈಗ ಹೇಳ್ತೀರಿ. ಅಮ್ಮ ಅದನ್ನ ಆಗಲೇ ಇಪ್ಪತ್ತು ಸಲ ಹೇಳಿ ಮುಗಿಸಿದ್ದಾರೆ.

ಭಾನುವಾರ ಬೆಳಗ್ಗೆ ನಮ್ಮ ದೇವನಹಳ್ಳಿ ರಸ್ತೆ ನೋಡಬೇಕು ನೀವು. ಬೆಂಗಳೂರಿನ ರೈಡರುಗಳದ್ದೇ ದಂಡು. ಮೊಣಕಾಲಿಗೆ ಗಾರ್ಡು, ಮೊಣಕೈಗೆ ಗಾರ್ಡು, ಹೆಲ್ಮೆಟ್ ಮೇಲೆ ಕ್ಯಾಮೆರಾ, ಹಿಂದೆ ಮೂರು ಪೆಟ್ಟಿಗೆ. ಇಷ್ಟೆಲ್ಲ ಕಟ್ಟಿಕೊಂಡು ಹೋಗ್ತಿರೋದು ಎಲ್ಲಿಗೆ? ಇಡ್ಲಿ ತಿನ್ನೋಕೆ. ಟೀ ಅಂಗಡಿಯಲ್ಲಿ ಒಬ್ಬ ನನ್ನ ಗಾಡಿ ನೋಡಿ ಕೇಳಿದ: “ಯಾವ ಕಡೆ ಬ್ರೋ? ಆಫ್‌ರೋಡಾ?” ನಾನು ಬಾಯಿ ತೆಗೆಯೋ ಮುಂಚೆ ಅಮ್ಮ ಹೇಳಿಬಿಟ್ಟರು: “ಇಲ್ಲಪ್ಪಾ, ನನ್ನ ತವರಿಗೆ.”

ಸೂಲಿಬೆಲೆ ದಾಟಿ ಮಾವನ ಮನೆ ಮುಂದೆ ನಿಂತಾಗ ಮಾವ ಜಗಲಿ ಮೇಲೆ ಕೂತಿದ್ದರು.

“ಬನ್ನಿ ಅಳಿಯಂದ್ರೇ.”

ನನ್ನ ಜೀವ ಬಾಯಿಗೆ ಬಂತು. ನಾನು ಹುಟ್ಟಿದಾಗಿನಿಂದ ಮಾವ ನನ್ನನ್ನ ‘ಏನ್ಲಾ’ ಅಂತಲೇ ಕರೆದವರು. ನಮ್ಮ ಕಡೆ ಮಾವ ಬೈದರೆ ಊಟ ಗ್ಯಾರಂಟಿ, ಮರ್ಯಾದೆ ಕೊಟ್ಟರೆ ಮುಗಿಯಿತು ಕಥೆ. ಅವರ ಕಣ್ಣು ನನ್ನ ಎದೆ ಮೇಲಿನ ಬ್ಯಾಗಿಗೆ ಬಂತು. “ಇದೇನು, ಕಂಡಕ್ಟರ್ ಕೆಲ್ಸ ಸಿಕ್ತಾ ತಮಗೆ?”

ಅತ್ತೆ ನೀರು ಕೊಟ್ಟರು, ಚಾಪೆ ಹಾಸಿದರು. ಅಮ್ಮ ಕಾರ್ಡ್ ತೆಗೆದರು, ತಟ್ಟೆಯಲ್ಲಿ ಕಾಯಿ, ಎಲೆ ಇಟ್ಟರು. ಅತ್ತೆಯ ಮುಖ ನೋಡುತ್ತಲೇ ಬಲಗೈ ಹಿಂದಕ್ಕೆ ಚಾಚಿ, “ಆ ಡಬ್ಬಿ ಕೊಡೋ” ಅಂದರು. ಬ್ಯಾಗಲ್ಲಿ ಇದ್ದಿದ್ದು ಒಂದೇ ಡಬ್ಬಿ. ಕೊಟ್ಟೆ.

ಮುಂದಿನದು ನಿಮಗೆ ಗೊತ್ತು. ಸ್ಟ್ರಾಬೆರಿ. ನಮ್ಮನೆ ಕುಂಕುಮ ಇದ್ದದ್ದು ಆ ಕರ್ಚೀಫಿನ ಡಬ್ಬಿಯಲ್ಲಿ, ಅದು ಇನ್ನೂ ಚಪ್ಪಲಿ ಸ್ಟ್ಯಾಂಡಿನ ಮೇಲೆ.

ಅತ್ತೆಯ ದೇವರ ಗೂಡಲ್ಲಿ ಕುಂಕುಮ ಇರಲಿಲ್ಲವಾ? ಬಟ್ಟಲು ತುಂಬ ಇತ್ತು. ಆದರೆ ಕರೆಯೋಕೆ ಬಂದವರು ತಮ್ಮ ಮನೆಯ ಕುಂಕುಮ ತಂದು ಇಟ್ಟು ಕರೀಬೇಕು. ಅದಿಲ್ಲದೆ ಬರೀ ಕಾರ್ಡ್ ಕೊಟ್ಟರೆ ಅದು ಕರೆಯಲ್ಲ, ಬ್ಯಾಂಕಿನವರು ಕಳಿಸೋ ಕಾಗದ. ಅವರದೇ ಕುಂಕುಮ ಇಸ್ಕೊಂಡು ಅವರನ್ನೇ ಕರೆಯೋದಂತೂ, ಅವರ ಮನೆ ಅಕ್ಕಿಯಲ್ಲೇ ಅನ್ನ ಮಾಡಿ ಅವರಿಗೇ ಊಟಕ್ಕೆ ಹೇಳಿದ ಹಾಗೆ. ಮೊದಲೇ ಮುನಿಸಿಕೊಂಡಿರೋ ಮನೆ ಬೇರೆ.

“ಗಾಡಿಗೆ ಪೆಟ್ರೋಲ್ ಹಾಕಿಸ್ಕೊಂಡು ಬಂದುಬಿಡ್ತೀನಿ” ಅಂತ ಎದ್ದೆ. ಹಂಗೇ ಅಂಗಡಿಯಿಂದ ಒಂದು ಪ್ಯಾಕೆಟ್ ತಂದು ನಮ್ಮನೇದೇ ಅಂದುಬಿಡೋ ಪ್ಲಾನು.

“ಕೂತ್ಕಳಿ ಅಳಿಯಂದ್ರೇ” ಅಂದರು ಮಾವ.

ಕೂತೆ. ಅಮ್ಮ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ವ್ಯಾಕ್ಸ್ ಅಂಟಿದ ಬೆರಳನ್ನ ಸೆರಗಿಗೆ ಒರೆಸಿಕೊಂಡು, ಸಣ್ಣ ದನಿಯಲ್ಲಿ, “ಅಣ್ಣಾ, ಇನ್ನೊಂದಿನ ಸರಿಯಾಗಿ ಬಂದು ಕರೀತೀನಿ” ಅಂದರು. ಆ ದನಿಯನ್ನ ಯಾವತ್ತೂ ಮಿಮಿಕ್ರಿ ಮಾಡೋಕೆ ನನ್ನಿಂದಾಗಲ್ಲ.

ಮಾವ ಎದ್ದು ಹೊರಗೆ ಹೋದರು. ಸಿಟ್ಟು ಮಾಡಿಕೊಂಡು ಹೊರಟೇಬಿಟ್ಟರು ಅಂದುಕೊಂಡೆ. ಕಿರ್ ಅಂತ ತಗಡಿನ ಸದ್ದು. ಆಮೇಲೆ ಹೊರಗಿನಿಂದ ತೇಲಿ ಬಂತು.

“ಟವಲ್ಲು… (ಕೆಮ್ಮು) ಚೀಲ… (ಕೆಮ್ಮು) ಹಗ್ಗ… ಟಾರ್ಚು…”

ಒಂದೊಂದೇ ತೆಗೆದು ಕೆಳಗಿಡ್ತಿದ್ದಾರೆ! (ಅಂಥ ಹೊತ್ತಲ್ಲೂ ನನಗೆ ಅನ್ನಿಸಿದ್ದು ಒಂದೇ. ಪರವಾಗಿಲ್ಲ, ಕೆಮ್ಮು ಕರೆಕ್ಟಾಗೇ ಮಾಡಿದ್ದೆ.)

ಮಾವ ಒಳಗೆ ಬಂದು ಅಮ್ಮನ ಮುಂದೆ ಒಂದು ಪೇಪರಿನ ಪೊಟ್ಟಣ ಇಟ್ಟರು. “ಗೌರಿ ಹಬ್ಬಕ್ಕೆ ಬಾಗಿನ ಕೊಡಾಕೆ ಬಂದಾಗ ನೀನೇ ಕೊಟ್ಟಿದ್ದಲ್ವಾ, ಅತ್ತಿಗೆಗೆ ಕೊಡು ಅಂತ? ಟಾರ್ಚ್ ಕೆಳಗೆ ಸೇರ್ಕಂಡಿತ್ತು. ನಿಮ್ಮನೇ ಕುಂಕುಮಾನೇ. ಇಡು.”

ಅತ್ತೆ ಮುಚ್ಚಿದ ಕಣ್ಣು ಆಗ ಬಿಟ್ಟರು. “ಗೌರಿ ಹಬ್ಬದ್ ಕುಂಕುಮ ಸಂಕ್ರಾಂತಿ ಕಳದ್ಮೇಲ್ ಕೊಡ್ತಿದೀರಲ್ಲಾ! ಎಲ್ಲಾ ಎಣಿಸ್ತೀರಿ, ಇದೊಂದ್ ಎಣಿಸ್ಲಿಲ್ವಾ?”

“ಕಳ್ದೋಯ್ತಾ? ಇಲ್ವಲ್ಲ” ಅಂದರು ಮಾವ.

ಅಮ್ಮ ಪೊಟ್ಟಣ ಬಿಚ್ಚಿದರು. ನೋಡಿದರೆ ಇದೇ ಅಂಕಣದ ಹಾಳೆ! ನನ್ನ ಫೋಟೋದ ಮೂಗಿನ ಮೇಲೆ ಕುಂಕುಮ. ನನ್ನ ಬರಹ ಒಬ್ಬರ ಉಪಯೋಗಕ್ಕೆ ಬಂದಿದ್ದು ಅದೇ ಮೊದಲು.

ಅತ್ತೆಯ ಹಣೆ ಮೇಲೆ ಕುಂಕುಮ ಕೂತಿತು. ನಾನು ಮಾವನ ಕಾಲಿಗೆ ಬಿದ್ದು, “ಮಾವ, ತಪ್ಪಾಯ್ತು” ಅಂದೆ.

“ನನ್ ಬಾಕ್ಸಲ್ಲಿ ಕುಡ್ಲು ಯಾವತ್ ಇತ್ಲಾ?” ಅಂದರು ಮಾವ. “ಮಾಡೋದಾದ್ರೆ ಸರ್ಯಾಗ್ ಮಾಡು. ಸುಳ್ಳ್ಯಾಕ್ ಸೇರಿಸ್ತೀಯ? ಇನ್ನ ಆ ಡೇರಿ ಹತ್ರ ನಗಾಡ್ತಾರಲ್ಲ, ಅವ್ರಲ್ಲಿ ನನ್ನತ್ರ ಹಗ್ಗ ಇಸ್ಕಂಡ್ ಹೋಗ್ದಿರೋನ್ ಒಬ್ಬನ್ನ ತೋರ್ಸು.”

‘ಇತ್ಲಾ’ ಅಂದರು! ನನ್ನ ಉಸಿರು ವಾಪಸ್ ಬಂತು. ಆದರೆ ಮದುವೆಗೆ ಬರ್ತೀನಿ ಅಂತ ಮಾತ್ರ ಬಾಯಿ ಬಿಡಲಿಲ್ಲ. ಅಮ್ಮ ಎರಡು ಸಲ ಕೇಳಿದರು. ಎರಡು ಸಲವೂ “ನೋಡಾನ.”

ಊಟದ ಹೊತ್ತಿಗೆ ಅಮ್ಮ ಬೆಳಗ್ಗಿನ ವೈರ್ ಬ್ಯಾಗಿನ ಕಥೆ ಹೇಳಿಬಿಟ್ಟರು. ಮಾವ ಮುದ್ದೆ ಮುಗಿಸಿ, ಕೈ ತೊಳೆದು, ಗೋಡೆಗೆ ನೇತುಹಾಕಿದ್ದ ನನ್ನ ಸ್ಲಿಂಗ್ ಬ್ಯಾಗನ್ನ ಬನಿಯನ್ ಮೇಲೆ ಅಡ್ಡ ಹಾಕ್ಕೊಂಡರು. ಇಲ್ಲದ ಕೂದಲಲ್ಲಿ ಕೈಯಾಡಿಸಿದರು. ಮೂಗಿಂದ ಮಾತು ಹೊರಡಿಸಿದರು: “ಬೇಡಮ್ಮಾ… ನಾನು ಟ್ರಾವೆಲ್ ಲೈಟ್…”

ಅತ್ತೆ ನಕ್ಕು ನಕ್ಕು ಕಂಬ ಹಿಡ್ಕೊಂಡರು. ಅಮ್ಮನ ಕಣ್ಣಲ್ಲಿ ನೀರು. ನಾನು ಹಾಗೆ ಮೂಗಲ್ಲಿ ಮಾತಾಡ್ತೀನಾ? ಅಪ್ಪನ ಕಡೆ ಯಾರಿಗೂ ಬಾರದ ಈ ವಿದ್ಯೆ ನನಗೆಲ್ಲಿಂದ ಬಂತು ಅನ್ನೋದಂತೂ ಅವತ್ತು ಗೊತ್ತಾಯ್ತು.

ಇನ್ನು ಹೊರಡೋ ಹೊತ್ತು. ಆ ವಿಡಿಯೋಗಳಲ್ಲಿ ಹೋಗುವಾಗ ಏನು ಒಯ್ಯಬೇಕು ಅಂತ ಹೇಳ್ತಾರೆ. ಬರುವಾಗ ಏನೇನು ಹೇರ್ತಾರೆ ಅಂತ ಯಾರೂ ಹೇಳಲ್ಲ. ಒಂದು ಚೀಲ ಅವರೆಕಾಯಿ, ರಾಗಿ ಹಿಟ್ಟು, ಒಂದು ಕುಂಬಳಕಾಯಿ ಅಂಗಳಕ್ಕೆ ಬಂದು ಕೂತವು. ತವರಿಂದ ಬರಿಗೈಲಿ ಕಳಿಸೋ ಪದ್ಧತಿ ಇಲ್ಲವಲ್ಲ. ಮಾವ ನನ್ನ ಗಾಡಿಗೆ ಒಂದು ಸುತ್ತು ಬಂದರು.

“ಗಾಡಿ ತಗಂಡ್ಯೋ, ಬರೀ ಇಂಜಿನ್ ತಗಂಡ್ಯೋ?”

ಕೊನೆಗೆ ತಮ್ಮ ಹಗ್ಗ ತಂದರು. ಅಮ್ಮನಿಗೆ ಕೂರೋಕೆ ಟವಲ್ ಮಡಿಸಿ ಹಾಸಿದರು. ಅವರೆಕಾಯಿ ಟ್ಯಾಂಕ್ ಮೇಲೆ, ಹಿಟ್ಟು ಎಡಗಡೆ, ಕುಂಬಳಕಾಯಿ ಬಲಗಡೆ. ಕಟ್ಟಿದ ಗಂಟು ಮನೆಗೆ ಬಂದಮೇಲೆ ಬಿಚ್ಚೋಕೆ ನನಗೂ ಅಪ್ಪನಿಗೂ ಅರ್ಧ ಗಂಟೆ ಹಿಡಿಯಿತು.

ನಾನು ಕಿಕ್ ಹೊಡೆದ ಮೇಲೆ, ಎಲ್ಲೋ ನೋಡ್ಕೊಂಡು ಮಾವ ಹೇಳಿದರು: “ಹಗ್ಗ ಹುಷಾರು ಕಣ್ಲಾ. ಛತ್ರಕ್ ಬಂದಾಗ ಇಸ್ಕತೀನಿ.”

ಅಮ್ಮನ ಕೈ ನನ್ನ ಭುಜವನ್ನ ಎಷ್ಟು ಜೋರಾಗಿ ಹಿಡಿಯಿತು ಅಂದ್ರೆ, ಬೀಳೋ ಭಯಕ್ಕೂ ಯಾವತ್ತೂ ಹಾಗೆ ಹಿಡಿದಿರಲಿಲ್ಲ.

ದೇವನಹಳ್ಳಿ ಸಿಗ್ನಲ್ಲಿನಲ್ಲಿ ರೈಡರುಗಳ ಇನ್ನೊಂದು ಗುಂಪು. ಒಬ್ಬ ನನ್ನ ಗಾಡಿಯನ್ನ ಮೇಲಿಂದ ಕೆಳಗೆ ನೋಡಿ ಕೇಳಿದ: “ಲಗೇಜ್ ಸೆಟಪ್ ಸೂಪರ್ ಗುರು, ಎಲ್ಲಿ ಮಾಡಿಸಿದ್ದು?” ಕುಂಬಳಕಾಯಿ ಹಿಂದಿನಿಂದ ಅಮ್ಮ ಉತ್ತರ ಕೊಟ್ಟರು: “ನಮ್ಮಣ್ಣನ ಹತ್ರ.”

ಮನೆಗೆ ಬಂದು ಸ್ಲಿಂಗ್ ಬ್ಯಾಗನ್ನ ಕವುಚಿ ಹಾಕಿದೆ. ಅದರಲ್ಲಿದ್ದದ್ದೆಲ್ಲ ನನ್ನ ಮುಖಕ್ಕೆ ಬೇಕಾದ್ದೇ. ಮಾವನ ಬಾಕ್ಸಿನ ಪಟ್ಟಿ ಮನಸ್ಸಲ್ಲೇ ಹೇಳಿಕೊಂಡೆ, ಕೆಮ್ಮಿಲ್ಲದೆ. ಅದರಲ್ಲಿ ಅರ್ಧಕ್ಕರ್ಧ ಇನ್ಯಾರಿಗೋ ಬೇಕಾಗೋವು. ಈ ವಾರ ಮಾವ ಮತ್ತೆ ಗಾಡಿಯಲ್ಲೇ ಡೇರಿಗೆ ಹೋಗ್ತಿದ್ದಾರಂತೆ. ಯಾರಾದರೂ “ಹಗ್ಗ ಮಡಗ್ದಾ?” ಅಂದ್ರೆ, “ಇಲ್ಲ, ಅಳಿಯನ್ ಹತ್ರ ಐತೆ” ಅಂತಾರಂತೆ.

ಹಗ್ಗ ಈಗ ನನ್ನ ಮಂಚದ ಕಾಲಿಗೆ ಸುತ್ತಿಟ್ಟಿದ್ದೀನಿ. ದಿನಾ ಎದ್ದ ಕೂಡಲೇ ಮುಟ್ಟಿ ನೋಡ್ತೀನಿ. ಹೊರಗೆ ಹೋಗುವಾಗ ನಾನು ಮರೆಯೋದು ಯಾವಾಗಲೂ ಬೇಕಾದ್ದನ್ನೇ ಅಂತ ನಿಮಗೂ ಗೊತ್ತಾಯ್ತಲ್ಲ. ಮದುವೆ ದಿನ ಮಾವ ಛತ್ರದ ಬಾಗಿಲಲ್ಲಿ ನಿಂತು, ಪವಿತ್ರಾಳ ಕೈ ಹಿಡಿಯೋ ಮುಂಚೆ ನನ್ನ ಕಡೆ ಕೈ ಚಾಚಿ, “ಎಲ್ಲಲಾ ಹಗ್ಗ?” ಅಂದಾಗ, ನನ್ನ ಜೇಬಲ್ಲಿ ಲಿಪ್ ಬಾಮ್ ಇದ್ದರೆ?