ನಮ್ಮ ತೊಟ್ಟಿಲಿಗೆ ಅಂಟಿಸಿದ ಮಂದಿಯ ಮಾತು

ನಮ್ಮ ಕಡೆ ಲಗ್ನಪತ್ರಿಕೆಯನ್ನು ಯಾರೂ ಕೂತು ಬರೆಯುವುದಿಲ್ಲ. ಕಲಘಟಗಿಯ ಪ್ರೆಸ್ಸಿಗೆ ಹೋದರೆ ಮಾಲೀಕರು ದಪ್ಪನೆಯ ಆಲ್ಬಮ್ ಮುಂದೆ ಇಡುತ್ತಾರೆ. ಅದರ ತುಂಬ ಮಂದಿಯ ಪತ್ರಿಕೆಗಳು. ಒಂದರ ಮೇಲೆ ಬೆರಳಿಟ್ಟು, "ಇದ ಇರ್ಲಿ, ಹೆಸರಷ್ಟ ಬದಲ್ ಮಾಡ್ರಿ" ಅಂದರೆ ಕೆಲಸ ಮುಗಿಯಿತು. ಒಮ್ಮೆ ನಮ್ಮ ಬಳಗದ ಮದುವೆಯೊಂದರಲ್ಲಿ ಹಳೆಯ ಪತ್ರಿಕೆಯ ಬೀಗರ ಹೆಸರೂ ಹಾಗೇ ಉಳಿದುಬಿಟ್ಟಿತ್ತು. ಎಲ್ಲರೂ ನಕ್ಕರು, ಉಂಡು ಹೋದರು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಅಣ್ಣ ಅದೇ ಬುದ್ಧಿಯನ್ನು ನಮ್ಮ ವೆಬ್‌ಸೈಟಿಗೂ ಓಡಿಸಿದನಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅಣ್ಣ ತೊಟ್ಟಿಲು ಮಾಡುತ್ತಾನೆ. ಅದಕ್ಕೆ ಬಣ್ಣ ಬರೆಯುವವಳು ಅವನ ಹೆಂಡತಿ, ನನ್ನ ವೈನಿ. ಚೊಚ್ಚಲ ಕೂಸಿಗೆ ತವರಿನಿಂದ ತೊಟ್ಟಿಲು ಹೋಗಬೇಕು ಎನ್ನುವ ಮನೆಗಳು ಇನ್ನೂ ಇವೆ, ಅವರಿಂದಲೇ ನಮ್ಮ ಕಾರ್ಖಾನೆ ನಡೆಯುತ್ತದೆ. ನಾನು ಹತ್ತಿರದ ತಂಬೂರು ಎಂಬ ಊರಿನಲ್ಲಿ ಶಾಲೆ ಮಾಸ್ತರಿಕೆ ಮಾಡುವವಳು. ರಜೆಯಲ್ಲಿ ಕೂತು ಅವರಿಗೊಂದು ವೆಬ್‌ಸೈಟ್ ಕಟ್ಟಿಕೊಟ್ಟೆ. ಪುಟಗಳು ಕಡಿಮೆ ಇದ್ದವು, ಆದರೆ ಒಂದೊಂದೂ ವೈನಿ ಬಾಯಿಂದ ಬಂದದ್ದು. ಅವಳು ಬಣ್ಣ ಬರೆಯುತ್ತ ಹೇಳುತ್ತಿದ್ದಳು, ನಾನು ಬಾಜೂಕ ಕೂತು ಟೈಪ್ ಮಾಡುತ್ತಿದ್ದೆ.

ಅದರಲ್ಲಿ ಒಂದು ಪುಟ ಒಳಹಲಗೆಯ ಬಗ್ಗೆ ಇತ್ತು. ವೈನಿ ಯಾವ ತೊಟ್ಟಿಲಿಗೇ ಆಗಲಿ ಮೊದಲು ಒಳಗಿನ ಹಲಗೆಗೆ ಬಣ್ಣ ಬರೆಯುತ್ತಾಳೆ. "ಹೊರಗಿಂದು ಬಂದ ಮಂದಿ ನೋಡಾಕ. ಒಳಗಿಂದು ಕೂಸು ನೋಡಾಕ. ಕೂಸಿಂದು ಮೊದಲ ಆಗಬೇಕು" ಅನ್ನುತ್ತಾಳೆ. ಅದನ್ನು ಹಾಗೇ ಬರೆದಿದ್ದೆ. ಆ ಪುಟ ಓದಿಯೇ ಸೊಲ್ಲಾಪುರದಿಂದ, ಪುಣೆಯಿಂದ ಹೆಣ್ಣುಮಕ್ಕಳು ಫೋನ್ ಮಾಡುತ್ತಿದ್ದರು. "ಒಳಹಲಗಿ ಬರಿಯೋ ಅಕ್ಕಾರು ಅದಾರೇನ್ರಿ?" ಎಂದು ಕೇಳುತ್ತಿದ್ದರು. ವೈನಿ ಬಣ್ಣದ ಬಟ್ಟಲುಗಳ ಪಕ್ಕದಲ್ಲೇ ಫೋನ್ ಇಟ್ಟುಕೊಂಡಿರುತ್ತಿದ್ದಳು, ಅದು ರಿಂಗಾದರೆ ಎಡಗೈಯಿಂದಲೇ ಎತ್ತುತ್ತಿದ್ದಳು.

ಪರೀಕ್ಷೆಯ ದಿನಗಳು ಬಂದವು, ನಾನು ಶಾಲೆಯಲ್ಲಿ ಮುಳುಗಿದೆ. ಆ ಹೊತ್ತಿಗೆ ಅಣ್ಣನ ತಲೆಯಲ್ಲಿ ಹುಳ ಹೊಕ್ಕಿತ್ತು. ಬೇರೆ ತೊಟ್ಟಿಲು ಮಾರುವವರ ಸೈಟಿನಲ್ಲಿ ರಾಶಿ ಪುಟಗಳಿವೆ, ನಮ್ಮದು ಬಡಕಲಾಗಿ ಕಾಣುತ್ತದೆ ಎಂದು. ಹುಬ್ಬಳ್ಳಿಯಲ್ಲಿ ಯಾರೋ ಒಬ್ಬ "ರೆಡಿ ಪೇಜು ಹಾಕಿ ಕೊಡ್ತೀನ್ರಿ" ಅಂದನಂತೆ. ಅಣ್ಣ ಪಾಸ್‌ವರ್ಡ್ ಕೊಟ್ಟ. ಆ ಮಹಾನುಭಾವ ಅಲ್ಲಿಲ್ಲಿ ತೊಟ್ಟಿಲು, ಆಟಿಕೆ, ಫರ್ನಿಚರ್ ಮಾರುವವರ ಸೈಟುಗಳಿಂದ ಎತ್ತಿ ಎತ್ತಿ ಸುರಿದು, ಊರಿನ ಹೆಸರು ಬದಲಿಸಿ, ಕೈ ತೊಳೆದುಕೊಂಡ.

ಫೋನ್ ಬರುವುದು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ವೈನಿ ಅದು ತನ್ನ ಕೈಯ ತಪ್ಪೇ ಅಂದುಕೊಂಡಳು. ಬಣ್ಣ ಮೊದಲಿನ ಹಾಗೆ ಬರುತ್ತಿಲ್ಲವೇನೋ, ಈಗಿನವರಿಗೆ ಇದು ಹಿಡಿಸುವುದಿಲ್ಲವೇನೋ ಎಂದು ಕೊರಗತೊಡಗಿದಳು. ನಮ್ಮ ಪೇಟೆಯಲ್ಲಿ ಕೆಲವರು ಬಣ್ಣ ಬರೆಯುವುದನ್ನು ಬಿಟ್ಟು ಪ್ರಿಂಟ್ ಮಾಡಿದ ಸ್ಟಿಕರ್ ಹಚ್ಚಿ ತೊಟ್ಟಿಲು ಮಾರುತ್ತಾರೆ. ಅವರನ್ನು ಕಂಡರೆ ಅಣ್ಣನಿಗೆ ಆಗುತ್ತಿರಲಿಲ್ಲ. ಸ್ಟಿಕರ್ ಹಚ್ಚಿಕೊಡಿ ಎಂದು ಬಂದ ಗಿರಾಕಿಯನ್ನು "ನಮ್ಮಲ್ಲಿ ಆ ಧಂದೆ ಇಲ್ರಿ" ಎಂದು ಬಾಗಿಲಿನಿಂದಲೇ ಕಳಿಸಿದ ಮನುಷ್ಯ ಅವನು. ಅಂಥ ಮನೆಗೆ ಒಂದು ಭಾನುವಾರ ನಾನು ಹೋದಾಗ ವೈನಿ ಕುಂಚ ತೊಳೆದು ಮೇಲಿಟ್ಟಿದ್ದಳು. ಹುಬ್ಬಳ್ಳಿಯಿಂದ ತಂದ ಸ್ಟಿಕರಿನ ಸುರುಳಿ ಕಟ್ಟೆಯ ಮೇಲಿತ್ತು. ಒಂದು ತೊಟ್ಟಿಲಿಗೆ ಆಗಲೇ ಹಚ್ಚಿಯೂ ಆಗಿತ್ತು.

"ನಾನ ತರ್ರಿ ಅಂದೆ" ಅಂದಳು. "ನನ್ನ ಬಣ್ಣ ಯಾರಿಗೂ ಬ್ಯಾಡಾಗೇತಿ, ಇನ್ನ ಸುಮ್ನ ಯಾಕ ಕುಂದ್ರೂದು?"

ನನಗೆ ತಡೆಯಲಾಗಲಿಲ್ಲ. ಸೈಟ್ ಓದಿ ಫೋನ್ ಮಾಡುತ್ತಿದ್ದವರು ಯಾಕೆ ನಿಂತರು ನೋಡೋಣ ಎಂದು ಅಲ್ಲೇ ಫೋನಿನಲ್ಲಿ ನಮ್ಮ ಸೈಟ್ ತೆಗೆದೆ. ಮೊದಲ ಪುಟದಲ್ಲೇ, "ಸಮುದ್ರತೀರದ ನಮ್ಮ ಕಾರ್ಖಾನೆಗೆ ಸ್ವಾಗತ" ಎಂದಿತ್ತು. ಕಲಘಟಗಿಗೆ ಯಾವ ಸೀಮೆಯ ಸಮುದ್ರ? ಕೆಳಗಿನ ಒಂದು ಸಾಲನ್ನು ಎತ್ತಿ ಇಂಟರ್ನೆಟ್ ಸರ್ಚಿಗೆ ಹಾಕಿ ಹುಡುಕಿದೆ. ಅಕ್ಷರಕ್ಕೆ ಅಕ್ಷರ ಅದೇ ಸಾಲು ಬೇರೆ ಬೇರೆ ಸೈಟುಗಳಲ್ಲಿ ಬಂತು. ನಮ್ಮದು ಮಾತ್ರ ಇಲ್ಲ. ಕಟ್ಟಕಡೆಗೆ, ಇವುಗಳಂತೆಯೇ ಇರುವ ಉಳಿದವನ್ನು ಬಿಟ್ಟಿದ್ದೇವೆ ಎನ್ನುವ ಸಣ್ಣ ಸೂಚನೆ ಇತ್ತು. ಅದನ್ನು ಒತ್ತಿದರೆ ಅದರ ಹಿಂದೆ ನಾವು ಕೂತಿದ್ದೆವು. ಕಾರ್ಖಾನೆಯ ಈಮೇಲ್ ತೆಗೆದರೆ ಮತ್ತೊಂದು ಕಥೆ. ಒಂದು ಸೈಟಿನ ಮಾಲೀಕರು, ನಮ್ಮ ಬರಹ ತೆಗೆಯಿರಿ, ಇಲ್ಲವಾದರೆ ದೂರು ಕೊಟ್ಟು ತೆಗೆಸುತ್ತೇವೆ ಎಂದು ಬರೆದಿದ್ದರು. ಅಣ್ಣ ಅದನ್ನು ತೆರೆದೇ ಇರಲಿಲ್ಲ.

"ಏನಿದು ಅಣ್ಣಾ?" ಅಂದೆ.

"ಅದ್ರಾಗ ಏನ್ ತಪ್ಪೈತಿ? ಲಗ್ನಪತ್ರಿಕಿ ಎಲ್ಲಾರದೂ ಒಂದ ನಮೂನಿ ಇರೂದಿಲ್ಲೇನ? ಹೆಸರು ನಮ್ಮದ ಐತಲ್ಲ" ಅಂದ.

"ಲಗ್ನಪತ್ರಿಕಿ ನೀ ಮನಿಮನಿಗೆ ಹೋಗಿ ಕೈಯಾಗ ಕೊಟ್ಟು ಬರ್ತೀಯಲ್ಲ. ಇದನ್ನ ಯಾರ ಕೈಯಾಗ ಕೊಟ್ಟಿ? ಮಂದಿ ಹುಡುಕಿದ್ರ ಸಿಗಬೇಕು. ಒಂದ ಮಾತು ಹತ್ತು ಕಡೆ ಕಂಡ್ರ ಸರ್ಚಿನ್ಯಾಗ ಯಾವುದಾರ ಒಂದನ್ನ ತೋರಸ್ತಾರ, ಉಳಿದದ್ದನ್ನ ಹಿಂದ ತಳ್ತಾರ. ನಮ್ಮದು ಹೇಳಿ ಕೇಳಿ ನಕಲು. ನಮ್ಮದನ್ನ ಯಾಕ ಮುಂದ ಮಾಡ್ತಾರ? ಸೈಟಿನ ತುಂಬ ಬರೇ ಮಂದಿ ಮಾಲ ಇದ್ರ ನಮ್ಮ ಸ್ವಂತದ್ದೂ ಅದರ ಜೋಡಿ ಮುಳಗತೈತಿ."

ಅಣ್ಣ ಹುಬ್ಬಳ್ಳಿಯವನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. "ಎಲ್ಲಾರೂ ಹಂಗ ಮಾಡ್ತಾರ್ರಿ ಮೇಡಂ. ನಾಕ ಶಬ್ದ ಆಚಿಕಡೆ ಈಚಿಕಡೆ ಮಾಡಿ ಕೊಡ್ತೀನಿ, ಗೊತ್ತ ಆಗೂದಿಲ್ಲ" ಅಂದ. ನನ್ನ ಮೈಯೆಲ್ಲ ಉರಿಯಿತು. ನನ್ನ ಶಾಲೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರಾದರೂ ತಲೆ ತಗ್ಗಿಸುತ್ತಾರೆ. ಇವನಿಗೆ ಅದೂ ಇಲ್ಲ. ಕದ್ದದ್ದನ್ನು ಮಾರಿದ್ದಲ್ಲದೆ, ಅದಕ್ಕೆ ಬೇರೆ ಅಂಗಿ ತೊಡಿಸಿಕೊಡುತ್ತೇನೆ ಅನ್ನುತ್ತಾನೆ. ಬಾಯಿಗೆ ಬಂದದ್ದನ್ನು ಅಂದು ಫೋನ್ ಇಟ್ಟೆ, ಅದಕ್ಕೆ ನನಗೆ ಒಂಚೂರೂ ಬೇಸರವಿಲ್ಲ.

ವೈನಿ ಕೇಳಿದಳು, "ಒಳಹಲಗಿದು ನಾ ಹೇಳಿದ್ನೆಲ್ಲ, ಅದಾರ ಐತೇನ ತಂಗಿ?"

ಹುಡುಕಿದೆ. ಇರಲಿಲ್ಲ. ಅದರ ಜಾಗದಲ್ಲಿ, ಮಗುವಿನ ಸುಖನಿದ್ರೆಗೆ ಸರಿಯಾದ ತೊಟ್ಟಿಲು ಆರಿಸುವುದು ಹೇಗೆ ಎಂದು ಯಾರದೋ ಸಪ್ಪೆ ಬರಹವಿತ್ತು.

"ಅದು ಅಗದಿ ಸಣ್ಣದಿತ್ತು" ಅಂದ ಅಣ್ಣ, ನೆಲ ನೋಡುತ್ತ. "ಇದು ದೊಡ್ಡದೈತಿ ಅಂತ ಅಂವ ಅದನ್ನ ತಗದು ಇದನ್ನ ಹಾಕಿದ. ನಾನ ಹೂಂ ಅಂದೆ."

ವೈನಿ ಬೈಯಲಿಲ್ಲ, ಅಳಲೂ ಇಲ್ಲ. ಸ್ಟಿಕರ್ ಹಚ್ಚಿದ ತೊಟ್ಟಿಲನ್ನು ಗಂಡನ ಮುಂದೆ ಎಳೆದಿಟ್ಟು, "ಇದನ್ನ ನೀವ ಕೀಳ್ರಿ" ಅಂದಳು.

ಅಣ್ಣ ಉಗುರಿನಿಂದ ಕಿತ್ತ, ಎಣ್ಣೆ ಹಚ್ಚಿ ಕಿತ್ತ. ಸ್ಟಿಕರ್ ಬಂತು, ಅಂಟು ಬರಲಿಲ್ಲ. ಅಲ್ಲೇ ಕೂತು ನಾನು ಸೈಟಿನಿಂದ ಆ ಮಂದಿಯ ಪುಟಗಳನ್ನೆಲ್ಲ ಅಳಿಸಿದೆ, ಆ ಮಾಲೀಕರಿಗೆ ಕ್ಷಮೆ ಕೇಳಿ ಮೇಲ್ ಬರೆದೆ. ಒಳಹಲಗೆಯ ಪುಟದ ಪ್ರತಿ ನನ್ನ ಬಳಿಯೂ ಉಳಿದಿರಲಿಲ್ಲ. ವೈನಿ ಮೇಲಿಟ್ಟಿದ್ದ ಕುಂಚ ಇಳಿಸಿಕೊಂಡು, ಹೊಸ ತೊಟ್ಟಿಲಿನ ಒಳಗೆ ಕೈ ಹಾಕಿ ಬಣ್ಣ ಬರೆಯುತ್ತ ಮತ್ತೆ ಮೊದಲಿನಿಂದ ಹೇಳಿದಳು, ನಾನು ಮತ್ತೆ ಟೈಪ್ ಮಾಡಿದೆ.

ಹೇಳಿ ಮುಗಿಸಿದ ಮೇಲೆ ಫೋನಿನ ಕಡೆ ನೋಡಿದಳು. "ಇಷ್ಟ ದಿನಾ ಆ ಫೋನ್ ಮಾಡೋ ಹೆಣ್ಮಕ್ಕಳಿಗೆ ನಾ ಬ್ಯಾಡಾಗೀನಿ ಅನ್ಕೊಂಡಿದ್ನೆಲ್ಲ ತಂಗಿ. ನಾ ಇಲ್ಲಿ ಅದೀನಿ ಅನ್ನೂದ ಅವರಿಗೆ ಗೊತ್ತಿರಲಿಲ್ಲೇನ?"

ಅಣ್ಣ ಹಲಗೆಯ ಅಂಟನ್ನು ತಿಕ್ಕುತ್ತಲೇ ಇದ್ದ.