ಹಸಿರು ಕಾರಿನ ಮಗಳು, ಬಿಳಿ ಕಾರಿನ ಸೊಸೆ

ನನ್ನ ತಮ್ಮನ ಮಗಳಿಗೆ ಇಟ್ಟ ಹೆಸರು ಬೇರೆ ಇದೆ. ಮದುವೆಯ ಕರೆಯೋಲೆಯಲ್ಲಿ ಅಚ್ಚಾದದ್ದು ಬಿಟ್ಟರೆ ಅದು ಯಾರ ಬಾಯಿಗೂ ಬಂದದ್ದಿಲ್ಲ. ಎಲ್ಲರಿಗೂ ಅವಳು ಕೀಲಿ. ಹಲ್ಲು ಮೂಡುವಾಗ ರಚ್ಚೆ ಹಿಡಿದರೆ ಗಿಲಕಿ ಕೊಟ್ಟರೂ ಎಸೆಯುತ್ತಿದ್ದಳು, ಕಾರಿನ ಕೀಲಿಗೊಂಚಲು ಕೊಟ್ಟರೆ ಮಾತ್ರ ಕಚ್ಚಿಕೊಂಡು ಸುಮ್ಮನಾಗುತ್ತಿದ್ದಳು. "ಇವಳ ಬಾಯಿಗೆ ಬೀಗ ಹಾಕೋಕೆ ಕೀಲಿನೇ ಬೇಕು ನೋಡು" ಎಂದು ನಾನು ಅಂದದ್ದು, ಅದೇ ನಿಂತುಬಿಟ್ಟಿತು.

ನನ್ನ ತಮ್ಮನದು ಇಳಿಜಾರು ಬೀದಿಯ ಮೇಲಿನ ಗ್ಯಾರೇಜು. ಅದೇ ಬೀದಿಯ ತಗ್ಗಿನಲ್ಲಿ ಕೆಳಗಿನ ಗ್ಯಾರೇಜು. ಎರಡಕ್ಕೂ ಹಾವು ಮುಂಗುಸಿಯ ನೆಂಟಸ್ತನ. ನಮ್ಮಲ್ಲಿ ಒಂದು ಹಸಿರು ಕಾರು, ಅವರಲ್ಲಿ ಒಂದು ಬಿಳಿ ಕಾರು. ಎರಡೂ ತಲೆಯ ಮೇಲೆ ಸೂರಿಲ್ಲದ, ನೆಲಕ್ಕೆ ಹೊಟ್ಟೆ ತಾಗುವಂಥ ಹಳೇ ಕಾಲದ ಓಟದ ಕಾರುಗಳು. ಊರ ಹೊರಗಿನ ಪಥದಲ್ಲಿ ವರ್ಷಕ್ಕೊಮ್ಮೆ ಇಂಥ ಹಳೇ ಕಾರುಗಳ ಪಂದ್ಯ ನಡೆಯುತ್ತದೆ. ಬೆಳಿಗ್ಗೆ ಹೊರಟರೆ ಸಂಜೆಯವರೆಗೂ ಸುತ್ತುತ್ತಲೇ ಇರಬೇಕು. ಯಾರ ಕಾರು ಹೆಚ್ಚು ಸುತ್ತು ಹಾಕಿತೋ ಅವರದು ಗೆಲುವು. ಬರುವ ಕಾರುಗಳು ಎಷ್ಟೋ, ಆದರೆ ನಮ್ಮ ಬೀದಿಯವರ ಕಣ್ಣು ಹಸಿರಿನ ಮೇಲೆ ಮತ್ತು ಬಿಳಿಯ ಮೇಲೆ.

ಕೀಲಿ ಬೆಳೆದದ್ದು ಗ್ಯಾರೇಜಿನ ನೆಲದ ಮೇಲೆ. ಜಡೆಯ ತುದಿಯಲ್ಲಿ ಸದಾ ಗ್ರೀಸು. ಗೇರ್‌ಬಾಕ್ಸ್ ಬಿಚ್ಚಿ ಹಲ್ಲು ಸವೆದ ಚಕ್ರ ತೆಗೆದು ಹೊಸದು ಕೂರಿಸುವ ಕೆಲಸ ಅವಳ ಕೈಗೆ ಒಗ್ಗಿತು. ಆಮೇಲೆ ಓಟಕ್ಕೆ ಕೂತಳು. ಸುತ್ತಿಬರುವ ಕಾರು ಪೆಟ್ರೋಲಿಗೆ, ಟೈರಿಗೆ ನಿಲ್ಲುವ ಗೂಡುಗಳಿಗೆ ಪಿಟ್ ಅನ್ನುತ್ತಾರೆ. ಅಲ್ಲಿ ನನ್ನ ತಮ್ಮ ಬಲಗೈ ಎತ್ತಿ ನಿಂತರೆ ಕೀಲಿ ಅವನ ಅಂಗೈಯ ನೇರಕ್ಕೆ ತಂದು ನಿಲ್ಲಿಸುತ್ತಿದ್ದಳು. ಒಂದು ಗೇಣು ಹಿಂದಿಲ್ಲ, ಒಂದು ಗೇಣು ಮುಂದಿಲ್ಲ. ಅಪ್ಪನ ಕೈ ಕಂಡರೆ ಸಾಕು ಅವಳಿಗೆ.

ಇಂಥವಳನ್ನು ಕೇಳಿಕೊಂಡು ಬಂದವರು ಯಾರು? ಕೆಳಗಿನ ಗ್ಯಾರೇಜಿನವರು! ಅದರ ಯಜಮಾನಿ, ಗಂಡ ತೀರಿಹೋದ ಮೇಲೆ ತಾನೇ ನಟ್ಟು ತಿರುವುವ ಪಾನೆ ಹಿಡಿದು ಗ್ಯಾರೇಜು ನಡೆಸಿದ ಹೆಂಗಸು. ಮೂಗಿನ ತುದಿಯಲ್ಲಿ ಕನ್ನಡಕ, ಮಾತು ತೂಕ ಹಾಕಿ ಆಡುವವಳು. ಮಗನ ಜೊತೆ ಬಂದು ಕೂತಳು.

"ಹುಡುಗಿ ಕೊಡಿ ಅಂತಿದ್ದೀರೋ, ಡ್ರೈವರ್ ಕೊಡಿ ಅಂತಿದ್ದೀರೋ?" ನನ್ನ ತಮ್ಮ ಕೇಳಿದ.

"ಹುಡುಗಿ ಕೇಳಿರೋದು ನನ್ನ ಮಗ. ಡ್ರೈವರ್ ಕೇಳ್ತಿರೋದು ನಾನು."

ನನ್ನ ತಮ್ಮನಿಗೆ ನಗು ತಡೆಯಲಾಗಲಿಲ್ಲ. ಹುಡುಗ ಹುಡುಗಿ ಮೊದಲೇ ಒಪ್ಪಿಕೊಂಡಿದ್ದರು ಅನ್ನುವುದು ಬೀದಿಗೆಲ್ಲ ಗೊತ್ತಿತ್ತು, ನಮ್ಮ ಮನೆಗೆ ಮಾತ್ರ ಕೊನೆಗೆ ಗೊತ್ತಾಯಿತು. ಹೀಗೆ ಯಜಮಾನಿ ನಮಗೆ ಬೀಗಿತ್ತಿಯಾದಳು. ಕೀಲಿ ಬೀದಿ ಇಳಿದು ಹೋದಳು. ಹಸಿರು ಕಾರಿಗೆ ಅವಳ ತಮ್ಮ ಚೋಟ ಕೂತ. ಹುಟ್ಟಿದಾಗ ಅಂಗೈಯಗಲ ಇದ್ದನೆಂದು ಚೋಟ. ಈಗ ಬಾಗಿಲಿಗೆ ತಲೆ ಬಗ್ಗಿಸದೆ ಒಳಗೆ ಬರಲಾರ. ಅವನಿಗೆ ಓಟ ಕಲಿಸಿದ್ದೂ ಕೀಲಿಯೇ.

ಮದುವೆಯಾದ ವರ್ಷವೇ ಪಂದ್ಯ ಬಂತು. ಬಿಳಿ ಕಾರಿಗೆ ಕೀಲಿ ಮತ್ತು ಅವಳ ಗಂಡ ಸರದಿಯ ಮೇಲೆ. ಬೀದಿಯಲ್ಲಿ ಗುಸುಗುಸು ಎದ್ದಿತು. ಟೈರು ಮಾರುವವನು ಒಬ್ಬನಿದ್ದಾನೆ, ಅವನ ನಾಲಿಗೆಗೆ ಬ್ರೇಕಿಲ್ಲ. "ತವರಿನ ಕಾರನ್ನ ಹಿಂದೆ ಹಾಕೋಕೆ ಯಾವ ಹೆಣ್ಣಿಗೆ ಮನಸ್ಸು ಬರತ್ತೆ ಸ್ವಾಮಿ? ಕಾಲು ತಾನಾಗೇ ಬ್ರೇಕಿನ ಮೇಲೆ ಹೋಗತ್ತೆ" ಎಂದು ಸಾರಿಕೊಂಡು ಬಂದ. ಕೀಲಿಯ ಕಿವಿಗೂ ಬಿತ್ತು.

"ದೊಡ್ಡತ್ತೆ, ಸೋತರೆ ನಂಗೆ ಬೇಜಾರಿಲ್ಲ" ಅಂದಳು ನನ್ನ ಹತ್ತಿರ. "ಬೇಕೂಂತ ಸೋತಳು ಅಂದ್ರೆ ಆ ಮನೇಲಿ ಯಾವ ಮುಖ ಇಟ್ಕೊಂಡು ಊಟ ಮಾಡ್ಲಿ?"

"ಅಂಥ ಮಾತಿಗೆ ಉತ್ತರ ಬಾಯಲ್ಲಲ್ಲ, ಪಥದ ಮೇಲೆ ಕೊಡು" ಅಂದೆ.

ಪಂದ್ಯದ ದಿನ ನನ್ನನ್ನು ಎರಡು ಪಿಟ್‌ಗಳ ನಡುವಿನ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂರಿಸಿದರು. ಎಡಕ್ಕೆ ತವರು, ಬಲಕ್ಕೆ ಅತ್ತೆಮನೆ. ನಮ್ಮದು ಎಂದಿನಂತೆ ಮೊದಲು, ಅವರದು ಅದರ ಪಕ್ಕ. ಬೆಳಿಗ್ಗೆಯಿಂದ ಬಿಳಿ ಕಾರು ಮುಂದೆ, ಹಸಿರು ಹಿಂದೆ, ಮತ್ತೆ ಹಸಿರು ಮುಂದೆ, ಬಿಳಿ ಹಿಂದೆ. ಉಳಿದ ಕಾರುಗಳು ಒಂದೊಂದೇ ಹೊಗೆ ಬಿಟ್ಟು ಬದಿಗೆ ಸರಿದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಿಳಿ ಕಾರು ಮುಂದಿತ್ತು, ನಡೆಸುತ್ತಿದ್ದವಳು ಕೀಲಿ. ಪೆಟ್ರೋಲಿಗೆ ಕೊನೆಯ ಸಲ ಬರಬೇಕು, ಆಮೇಲೆ ಸಂಜೆಯವರೆಗೆ ಅಳಿಯ ಓಡಿಸಬೇಕು ಎಂಬ ಮಾತಾಗಿತ್ತು.

ಕಾರು ಬಂತು. ಕೀಲಿ ಓಟಕ್ಕೆ ಹಾಕಿದ್ದ ಕನ್ನಡಕದ ಮೇಲೆಲ್ಲ ಎಣ್ಣೆಯ ಹನಿ, ಎದುರಿಗೆ ಬಿಸಿಲು. ಹಸಿರು ಕಾರು ಆಗಲೇ ಕೊನೆಯ ಸಲ ಪೆಟ್ರೋಲು ತುಂಬಿಸಿಕೊಂಡು ಪಥಕ್ಕಿಳಿದಿದ್ದರಿಂದ ನಮ್ಮ ಪಿಟ್ ಖಾಲಿ. ಚೋಟ ಎಲ್ಲಿ ಬರುತ್ತಿದ್ದಾನೆಂದು ನೋಡಲು ನನ್ನ ತಮ್ಮ ಬಿಸಿಲಿಗೆ ಅಡ್ಡವಾಗಿ ಬಲಗೈ ಎತ್ತಿದ.

ಅಷ್ಟೇ. ಕೀಲಿ ಆ ಕೈಯನ್ನು ಕಂಡಳು. ಬಿಳಿ ಕಾರು ಸರ್ರನೆ ತಿರುಗಿ ಅಪ್ಪನ ಅಂಗೈಯ ನೇರಕ್ಕೆ ಬಂದು ನಿಂತಿತು. ಒಂದು ಗೇಣು ಹಿಂದಿಲ್ಲ, ಮುಂದಿಲ್ಲ. ನಿಂತದ್ದೇ ಇಂಜಿನ್ ಆರಿಸಿದಳು. ಆಮೇಲೆ ಕನ್ನಡಕ ಮೇಲೆ ಸರಿಸಿ ನೋಡುತ್ತಾಳೆ, ಎದುರಿಗೆ ಅಪ್ಪ.

ಪಿಟ್‌ನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಒಂದು ತಂಡದ ಕಾರಿಗೆ ಇನ್ನೊಂದು ತಂಡದವರ ಬೆರಳು ತಾಗಿದರೂ ಆ ಕಾರು ಪಂದ್ಯದಿಂದ ಹೊರಗೆ. ನಮ್ಮ ಹಳೇ ಮೇಸ್ತ್ರಿ ಅಭ್ಯಾಸಬಲದಿಂದ ಜ್ಯಾಕ್ ಎತ್ತಿಕೊಂಡು ಓಡಿಬಂದ. ಒಂದು ಮಾರು ದೂರ ಇತ್ತೋ ಇಲ್ಲವೋ! ಅವನು ಮುಟ್ಟಿದ್ದರೆ ಸಾಕಿತ್ತು, ಬಿಳಿ ಕಾರು ಕಸದ ಬುಟ್ಟಿಗೆ, ಎಂದೂ ಗೆಲ್ಲದ ನಮ್ಮ ಹಸಿರು ಕಾರಿಗೆ ಗೆಲುವು ಕೈಯಲ್ಲಿ. ಯಾರೂ ಬೇಕೆಂದು ಮಾಡಿದ್ದು ಅನ್ನುವಂತಿರಲಿಲ್ಲ.

"ಕೈ ಹಿಂದೆ!" ಎಂದು ನನ್ನ ತಮ್ಮ ಗುಡುಗಿದ. "ಎಲ್ಲರೂ! ಕೈ ಹಿಂದಕ್ಕೆ ಕಟ್ಟಿ ಗೋಡೆಗೆ ಒರಗಿ!"

ಮೇಸ್ತ್ರಿ ಜ್ಯಾಕನ್ನು ಕಾಲ ಮೇಲೇ ಬೀಳಿಸಿಕೊಂಡು ಹಿಂದೆ ಸರಿದ. ಬೆಳೆದ ಗಂಡಸರೆಲ್ಲ ಮೇಷ್ಟರಿಗೆ ಹೆದರಿದ ಮಕ್ಕಳ ಹಾಗೆ ಸಾಲಾಗಿ ನಿಂತರು. ನನ್ನ ತಮ್ಮನೂ ಕೈ ಹಿಂದೆ ಕಟ್ಟಿಕೊಂಡ. ಆಮೇಲೆ ಬಗ್ಗಿ, ಮೆಲ್ಲಗೆ ಹೇಳಿದ: "ನಿನ್ನ ಮನೆ ಪಕ್ಕದ್ದು ಕಣಮ್ಮ."

ಕೀಲಿ ತಡಬಡಾಯಿಸಿ ಇಂಜಿನ್ ಹತ್ತಿಸುವ ಗುಂಡಿ ಒತ್ತಿದಳು. ಕಾದ ಇಂಜಿನ್ ಗರ್ ಗರ್ ಅಂದಿತೇ ಹೊರತು ಹತ್ತಲಿಲ್ಲ. ಗೋಡೆಯ ಮೇಲಿಂದ ಟೈರಿನವನ ದನಿ ಬಂತು: "ನಾ ಹೇಳ್ಲಿಲ್ವಾ? ನೋಡಿ, ತವರಿಗೆ ಬಾಗಿನ ಕೊಡೋಕೆ ಬಂದಿದ್ದಾಳೆ!"

ಅಷ್ಟರಲ್ಲಿ ಬೀಗಿತ್ತಿ, ಅಳಿಯ, ಅವರ ಕಡೆಯವರು ಓಡಿಬಂದರು. ಬೀಗಿತ್ತಿ ನನ್ನ ತಮ್ಮನ ಕಡೆ ಕನ್ನಡಕದ ಮೇಲಿಂದ ನೋಡಿದಳು.

"ಸೊಸೇನ ಕರ್ಕೊಂಡು ಹೋಗೋಕೆ ಬಂದಿದ್ದೀವಿ, ಬೀಗರೇ."

"ಧಾರಾಳವಾಗಿ" ಅಂದ ತಮ್ಮ. "ಇಷ್ಟು ಬೇಗ ಕಳಿಸೋದು ರೂಢಿ ಇಲ್ಲ. ಆದ್ರೂ ಕರ್ಕೊಂಡು ಹೋಗಿ."

ದಬ್ಬಿಕೊಂಡು ಪಕ್ಕದ ಪಿಟ್‌ಗೆ ಒಯ್ದರು. ಬೀಗಿತ್ತಿಯೂ ಸೆರಗು ಸಿಕ್ಕಿಸಿ ಹೆಗಲು ಕೊಟ್ಟಳು. ಪೆಟ್ರೋಲು ತುಂಬುವಾಗಲೇ ಚೋಟ ಹಸಿರು ಕಾರಿನಲ್ಲಿ ಎದುರಿಗೇ ದಾಟಿ ಹೋದ. ಈಗ ಮುಂದಿದ್ದವನು ಅವನು.

ಕೀಲಿ ಬೆಲ್ಟು ಬಿಚ್ಚತೊಡಗಿದಳು. "ನೀವು ಕೂತ್ಕೊಳ್ಳಿ" ಅಂದಳು ಗಂಡನಿಗೆ. ಅಳಿಯ ಹೆಲ್ಮೆಟ್ ಎತ್ತಿಕೊಂಡ. ಅವರ ಕಡೆಯ ಒಬ್ಬ, "ಅದೇ ಒಳ್ಳೇದು ಬಿಡಿ" ಎಂದು ಗೊಣಗಿದ.

"ಯಾವುದು ಒಳ್ಳೇದು?" ಬೀಗಿತ್ತಿ ತಿರುಗಿದಳು. ಅವನು ಚಕ್ರ ನೋಡುವವನಂತೆ ಕೂತುಬಿಟ್ಟ. ಬೀಗಿತ್ತಿ ಬಿಚ್ಚಿದ ಬೆಲ್ಟನ್ನು ತಾನೇ ಎಳೆದು ಮತ್ತೆ ಬಿಗಿದಳು. "ಈಗ ಇಳಿದ್ರೆ ಆ ಟೈರಿನವನ ಮಾತೇ ನಿಜ ಆಗತ್ತೆ. ದಾರಿ ತಪ್ಪಿದ್ದು ನೀನು. ಸರಿ ಮಾಡೋದೂ ನೀನೇ. ಹೊರಡು."

"ಅತ್ತೆ, ಸೋತ್ರೆ..."

"ಸೋತ್ರೆ ನಮ್ಮ ಸೊಸೆ ಸೋತಳು. ಪಕ್ಕದ ಮನೆಯವಳಲ್ಲ ತಾನೇ? ಹೊರಡು ಅಂದೆ."

ಇಂಜಿನ್ ಈ ಸಲ ಹತ್ತಿತು.

ನಮ್ಮ ಬೆಂಚಿನಿಂದ ಪಥದ ಕೊನೆಯ ದೊಡ್ಡ ತಿರುವು ಚೆನ್ನಾಗಿ ಕಾಣುತ್ತದೆ. ಸುತ್ತು ಸುತ್ತಿಗೂ ಹಸಿರಿಗೂ ಬಿಳಿಗೂ ಇದ್ದ ದೂರ ಕರಗುತ್ತಾ ಬಂತು. ಆ ತಿರುವಿನಲ್ಲಿ ಬೇಗ ಬ್ರೇಕ್ ಹಾಕಬೇಕೆಂದು ಚೋಟನಿಗೆ ಹಿಂದೆ ಕಲಿಸಿದ್ದು ಕೀಲಿಯೇ. ಅವನು ಕಲಿತದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದ. ಅವಳು ಮಾತ್ರ ಕಲಿಸಿದ್ದನ್ನು ಬಿಟ್ಟು ತಡಮಾಡಿ ಬ್ರೇಕ್ ಹಾಕಿ, ಒಳಗಿನಿಂದ ನುಗ್ಗಲು ನೋಡಿದಳು. ಚೋಟ ಬಾಗಿಲು ಮುಚ್ಚಿದ ಹಾಗೆ ಅಡ್ಡ ಬಂದ. ಮುಂದಿನ ಸುತ್ತಿಗೂ ಅದೇ. ಅದರ ಮುಂದಿನ ಸುತ್ತಿಗೆ ಅವಳು ಒಳಗೆ ನುಗ್ಗುವಂತೆ ಮೂತಿ ತೂರಿಸಿದಳು, ಅವನು ಒಳಗೆ ಒತ್ತಿದ, ಅವಳು ತಟಕ್ಕನೆ ಹೊರಗಿನಿಂದ, ಧೂಳಿನ ಅಂಚಿನಲ್ಲಿ ಬಳಸಿ ಮುಂದೆ ಹೋಗಿಬಿಟ್ಟಳು. ಆಚೆ ಪಿಟ್‌ನವರು ಕೂಗಿಕೊಂಡರು. ನಾನೂ ಕೂಗಿದೆ. ಯಾರಿಗಾಗಿ ಕೂಗಿದೆ ಅಂತ ಕೇಳಿದರೆ ಈಗಲೂ ಹೇಳಲು ಬರುವುದಿಲ್ಲ. ಸಂಜೆ ಬಾವುಟ ಬೀಸುವಾಗ ಬಿಳಿ ಕಾರೇ ಮುಂದಿತ್ತು.

ಟೈರಿನವನು ಸುಮ್ಮನಿರುವ ಪೈಕಿಯೇ? ಮಾತನ್ನು ಅಂಗಿಯ ಹಾಗೆ ಒಳಹೊರಗು ಮಾಡಿ ಹಾಕಿಕೊಂಡ. "ಅಕ್ಕನ ಕಣ್ಣೀರು ನೋಡಿ ತಮ್ಮ ಬಿಟ್ಟುಕೊಟ್ಟ. ಎಷ್ಟಂದ್ರೂ ಒಡಹುಟ್ಟು" ಎಂದು ನಾಲ್ಕು ಜನರ ನಡುವೆ ಶುರು ಮಾಡಿದ.

ನನ್ನ ತಮ್ಮ ಹೋಗಿ ಅವನೆದುರು ನಿಂತ. ಗೆಲುವು ಕೈತಪ್ಪಿದವನ ಮುಖ ಅದಾಗಿರಲಿಲ್ಲ.

"ನನ್ನ ಮಗ ಮೂರು ಸಲ ಬಾಗಿಲು ಹಾಕಿದ, ಕಣ್ಣಿಗೆ ಕಾಣಿಸ್ಲಿಲ್ವಾ? ಬಿಟ್ಟುಕೊಡೋ ಮಕ್ಕಳನ್ನ ನಾನು ಹೆತ್ತಿಲ್ಲ. ಅವಳು ಕಿತ್ಕೊಂಡು ಹೋದಳು. ನನ್ನ ಮಗಳು, ಅವರ ಸೊಸೆ, ನಮ್ಮ ಕೈಯಿಂದ ಕಿತ್ಕೊಂಡು ಹೋದಳು! ಹೇಳೋದಾದ್ರೆ ಹಾಗೆ ಹೇಳು."

ಟೈರಿನವನು ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬೀಗಿತ್ತಿ ಅಲ್ಲೇ ನಿಂತಿದ್ದಳು. ಬಿಳಿ ಕಾರಿನವರಿಗೆಂದು ತಂದಿದ್ದ ನೀರಿನ ಚೆಂಬನ್ನು ಮೊದಲು ನನ್ನ ತಮ್ಮನ ಕೈಗೆ ಕೊಟ್ಟಳು.

ಚೋಟ ಮುಖದ ತುಂಬ ಧೂಳು ಮೆತ್ತಿಕೊಂಡು ಅಕ್ಕನ ಹತ್ತಿರ ಬಂದ. "ಅಕ್ಕಾ, ಹೊರಗಿನಿಂದ ಹೆಂಗೆ ಬಂದೆ? ಅಲ್ಲಿ ಹಿಡಿತಾನೇ ಸಿಗಲ್ವಲ್ಲ! ಹೇಳ್ಕೊಡೇ."

ಕೀಲಿ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಅತ್ತೆಯ ಪಕ್ಕಕ್ಕೆ ಸರಿದು ನಿಂತಳು.

"ಅದು ಕೆಳಗಿನ ಗ್ಯಾರೇಜಿನ ಗುಟ್ಟು ಕಣೋ" ಅಂದಳು. "ಮೇಲಿನವರಿಗೆಲ್ಲ ಹೇಳೋ ಹಾಗಿಲ್ಲ."