ಮೈದಾನದ ವಕೀಲ

ಕುಂಬಾರಕೊಪ್ಪಲಿನ ಸಿದ್ದೇಶ್ ತೊಂಬತ್ತರ ದಶಕದ ಮೊದಲಲ್ಲಿ ನಜರ್‌ಬಾದಿನ ಫುಟ್‌ಬಾಲ್ ತಂಡವೊಂದಕ್ಕೆ ಡಿಫೆಂಡರ್ ಆಗಿ ಆಡುತ್ತಿದ್ದ. ಗೋಲು ಹೊಡೆದವನಲ್ಲ, ಹೊಡೆಯಲು ಬಂದವರ ನೆಮ್ಮದಿ ಕೆಡಿಸಿದವನು. ತೊಂಬತ್ತನಾಲ್ಕರಲ್ಲಿ ಮಂಡಿ ಕೈಕೊಟ್ಟಿತು. ಅಡ್ಡಗಾಲು ಹಾಕುವುದು ಬಿಟ್ಟು ಬೇರೇನೂ ಬಾರದವನಿಗೆ ವಕೀಲಿಕೆಯೇ ಸರಿ ಎಂದು ಗೆಳೆಯರು ಗೇಲಿ ಮಾಡಿದರು. ಅವನು ಅದನ್ನೇ ಗಟ್ಟಿ ಹಿಡಿದು, ಸಂಜೆ ಕಾಲೇಜಿನಲ್ಲಿ ಕಾನೂನು ಓದಿ, ಲಕ್ಷ್ಮೀಪುರಂನ ಹಿರಿಯ ವಕೀಲ ಚಂದ್ರಮೌಳಿಯವರ ಕಚೇರಿ ಸೇರಿಕೊಂಡ.

ಅವನಿಗೆ ಹೆಸರು ತಂದದ್ದು ಒಂದೇ ಕೇಸು. ಕೊಪ್ಪಲಿನ ಹುಡುಗರು ಆಡುವ ಮೈದಾನದಲ್ಲಿ ಅಂಗಡಿ ಸಾಲು ಕಟ್ಟಲು ಪಾಲಿಕೆ ಹೊರಟಾಗ ಸಿದ್ದೇಶ್ ಕೋರ್ಟಿನಿಂದ ತಡೆಯಾಜ್ಞೆ ತಂದ. ಬಡಾವಣೆಯವರೆಲ್ಲ ಹಾಡಿ ಹೊಗಳಿದರು. 2001ರಲ್ಲಿ ಪಕ್ಷವೊಂದು ಮನೆ ಬಾಗಿಲಿಗೇ ಬಂದು ಪಾಲಿಕೆ ಚುನಾವಣೆಗೆ ಟಿಕೆಟ್ ಕೊಟ್ಟಿತು, ಗೆದ್ದೂಬಿಟ್ಟ. ಮಾರನೆಯ ದಿನದಿಂದ ಅವನ ತಾಯಿ ಸಿದ್ದಲಿಂಗಮ್ಮನಿಗೆ, ಕಾರ್ಪೊರೇಟರ್ ತಾಯಿ ಎಂದು, ನಲ್ಲಿಯ ಬಳಿ ಎಲ್ಲರೂ ಜಾಗ ಬಿಡತೊಡಗಿದರು.

ಹಾರ ಬಾಡುವ ಮೊದಲೇ ಚಂದ್ರಮೌಳಿ ಕರೆಸಿದರು. ವಯಸ್ಸಾಗಿ ಅವರು ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದರು.

"ಪಾಲಿಕೆ ಸದಸ್ಯ ಪಾಲಿಕೆ ವಿರುದ್ಧ ವಾದ ಮಾಡೋ ಹಾಗಿಲ್ಲ ಕಣಯ್ಯ. ಮಾಡಿದ್ರೆ ಸದಸ್ಯತ್ವ ಹೋಗುತ್ತೆ. ನಿಂಗೆ ಟಿಕೆಟ್ ಯಾಕೆ ಕೊಟ್ರು ಅಂತ ಈಗ ಗೊತ್ತಾಯ್ತಾ?"

ಕಾನೂನು ಓದಿದವನಿಗೆ ಹಾರ ತುರಾಯಿಯ ಗದ್ದಲದಲ್ಲಿ ಕಾನೂನೇ ಮರೆತುಹೋಗಿತ್ತು. ಇನ್ನೂ ನಡೆಯುತ್ತಿದ್ದ ಮೈದಾನದ ಕೇಸಿನ ಫೈಲನ್ನು ಇನ್ನೊಬ್ಬ ವಕೀಲರ ಕೈಗಿಟ್ಟ. ಅವರು ಎರಡು ವಾಯಿದೆಗೆ ತಲೆಯನ್ನೇ ಹಾಕಲಿಲ್ಲ. ಮೂರನೆಯದಕ್ಕೂ ಬಾರದಿದ್ದರೆ ತಡೆಯಾಜ್ಞೆ ತೆರವಾಗುತ್ತದೆ ಎಂದು ನ್ಯಾಯಾಧೀಶರು ಹೇಳಿಬಿಟ್ಟರು. ಸಿದ್ದೇಶ್ ರಾಜೀನಾಮೆ ಬರೆದುಕೊಟ್ಟು ಕಪ್ಪು ಕೋಟು ತೊಟ್ಟ.

ಸಿದ್ದಲಿಂಗಮ್ಮ ಮೂರು ದಿನ ಮಗನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ತಟ್ಟೆಗೆ ಮುದ್ದೆ ಹಾಕುತ್ತ, "ಸೀಟು ಹೋಯ್ತು ಬುಡು. ಕೇಸೂ ಸೋತ್ಕಂಡು ಬಂದ್ರೆ ಮಾತ್ರ ಈ ಮನೇಲಿ ಮುದ್ದೆ ಸಿಗಲ್ಲ" ಅಂದಳು.

ಕೇಸು ಗೆದ್ದ, ಮೈದಾನ ಉಳಿಯಿತು. ಆ ಧೈರ್ಯದಲ್ಲಿ, ತಾನೇ ಬಿಟ್ಟ ಸೀಟಿನ ಉಪಚುನಾವಣೆಗೆ ಪಕ್ಷೇತರನಾಗಿ ನಿಂತು ನಲವತ್ತೊಂದು ಓಟಿನಿಂದ ಸೋತ. ಎಣಿಕೆ ಮುಗಿಸಿ ಬರುವಾಗ ಮೈದಾನದಲ್ಲಿ ಹುಡುಗರ ಆಟ ನಡೆದೇ ಇತ್ತು.

"ಯಾರಿಗೋಸ್ಕರ ಸೀಟು ಬಿಟ್ನೋ ಅವ್ರೇ ಓಟು ಹಾಕ್ಲಿಲ್ಲ ಕಣವ್ವ" ಎಂದು ತಾಯಿಯ ಮುಂದೆ ಕುಸಿದು ಕೂತ.

ಸಿದ್ದಲಿಂಗಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆ ಹೈಕ್ಳಿಗೆ ಇನ್ನೂ ಹದ್ನಾರು ಹದಿನೇಳು ವರ್ಸ ಕಣೋ. ಓಟು ಎಲ್ಲಿಂದ ತರ್ತವೆ? ಮುಂದಿನ್ ಸಲಕ್ಕೆ ಬತ್ತದೆ. ಅಲ್ಲೀಗಂಟ ಕೋರ್ಟ್ಗೆ ಹೋಗು."